ಬ್ಯಾಲೆ ನೋಡೋಕೆ ಹೋದಾಗ ಚಪ್ಪಾಳೆ ಯಾವಾಗ ಹೊಡೀಬೇಕು, ಯಾವಾಗ ಸುಮ್ನಿರಬೇಕು

ಮೊದಲನೇ ಸಲ ಸ್ವಾನ್ ಲೇಕ್ ನೋಡಿದಾಗ ನಾನು ಕೈ ತೊಡೆ ಮೇಲಿಟ್ಕೊಂಡು ಮೂರು ಗಂಟೆ ಬಿಗಿಯಾಗಿ ಕೂತಿದ್ದೆ. ಲಂಡನ್ನಿಗೆ ಬಂದು ಆಗಿನ್ನೂ ಆರು ತಿಂಗಳು, ಅದಕ್ಕೆ ಸ್ವಲ್ಪ ದಿನ ಮುಂಚೆ ಒಂದು ಸಿಂಫನಿ ಕಚೇರಿಗೆ ಹೋಗಿದ್ವಿ, ಅಲ್ಲಿ ಮೊದಲನೇ ಭಾಗ ಮುಗಿದ ತಕ್ಷಣ ಖುಷಿಗೆ ಚಪ್ಪಾಳೆ ಹೊಡೆದೆ, ಇಡೀ ಹಾಲಲ್ಲಿ ನಾನೊಬ್ಬಳೇ, ಮುಂದಿನ ಸಾಲಿನವರು ತಿರುಗಿ ನೋಡಿದ್ರು, ಆ ನೋಟ ಮನಸ್ಸಲ್ಲಿ ಹಾಗೇ ಉಳ್ಕೊಂಡುಬಿಡ್ತು. ಹಾಗಾಗಿ ಕೋವೆಂಟ್ ಗಾರ್ಡನ್ನಿನ ರಾಯಲ್ ಆಪೆರಾ ಹೌಸಲ್ಲಿ ಕಣ್ಣೆದುರಿಗೆ ಅಷ್ಟು ಚೆನ್ನಾಗಿ ಕುಣೀತಿದ್ರೂ ನಾನು ಬೇರೆಯವರು ಹೊಡೆದ ಮೇಲೆ ಎರಡು ಸಲ ಮೆಲ್ಲಗೆ ತಟ್ಟಿ ನಿಲ್ಲಿಸ್ತಿದ್ದೆ. ಆಮೇಲೆ ಮಗಳು ಬ್ಯಾಲೆ ಕ್ಲಾಸಿಗೆ ಸೇರಿದಳು, ಅವಳ ಟೀಚರ್ ಹತ್ರ ಒಂದಿನ ಈ ವಿಷಯ ಕೇಳಿದೆ. ಅವರು ಹೇಳಿದ್ದು ಕೇಳಿ ನಂಗೆ ನಿಜವಾಗ್ಲೂ ಬೇಜಾರಾಯ್ತು. ಬ್ಯಾಲೇಲಿ ಮಧ್ಯದ ಚಪ್ಪಾಳೆ ಅಂದ್ರೆ ಡ್ಯಾನ್ಸರಿಗೆ ಉಸಿರು ತಗೊಳ್ಳೋ ಟೈಮು, ನಾವು ಕೈ ಕಟ್ಕೊಂಡು ಕೂತ್ರೆ ಅವರಿಗೆ ಸಿಗಬೇಕಾದ ಅರ್ಧ ನಿಮಿಷ ಸಿಗಲ್ಲ. ನಾನು ಮರ್ಯಾದೆ ಅಂದ್ಕೊಂಡು ಮಾಡಿದ್ದು ಅವರಿಗೆ ಉಪಕಾರ ಏನಲ್ಲ.

ಹೊರದೇಶದಲ್ಲಿರೋ ನಮ್ಮೋರು ಎಷ್ಟೋ ಜನ ಡಿಸೆಂಬರಲ್ಲಿ ಮಕ್ಕಳನ್ನ ನಟ್‌ಕ್ರ್ಯಾಕರ್‌ಗೆ ಕರ್ಕೊಂಡ್ಹೋಗ್ತಾರೆ, ಊರಿಂದ ಅಪ್ಪ ಅಮ್ಮ ಬಂದಾಗ ಒಂದು ಒಳ್ಳೆ ಶೋ ತೋರಿಸೋಣ ಅಂತ ಟಿಕೆಟ್ ತಗೋತಾರೆ, ಅಲ್ಲಿ ಹೋಗಿ ಇದೇ ಗೊಂದಲ. ಅದಕ್ಕೆ ಹತ್ತು ವರ್ಷದಲ್ಲಿ ನೋಡಿ ನೋಡಿ ತಿಳ್ಕೊಂಡಿದ್ದನ್ನ ಶುರುವಿಂದ ಕೊನೇವರೆಗೆ ಅದೇ ಕ್ರಮದಲ್ಲಿ ಬರೀತಿದೀನಿ.

ಟಿಕೆಟ್ ತಗೊಂಡ್ಮೇಲೆ, ಹೋಗೋ ಮುಂಚೆ

ಮೊದಲು ನೀವು ನೋಡೋಕೆ ಹೋಗ್ತಿರೋ ಬ್ಯಾಲೆ ಯಾವ ಜಾತಿದು ಅಂತ ತಿಳ್ಕೊಳ್ಳಿ, ಯಾಕಂದ್ರೆ ಚಪ್ಪಾಳೆ ಲೆಕ್ಕ ಪೂರ್ತಿ ಅದರ ಮೇಲೇ ನಿಂತಿದೆ. ಸ್ವಾನ್ ಲೇಕ್, ಸ್ಲೀಪಿಂಗ್ ಬ್ಯೂಟಿ, ಡಾನ್ ಕಿಹೋಟೆ, ಲಾ ಬಯಾದೇರ್ ಥರದ 19ನೇ ಶತಮಾನದ ರಷ್ಯನ್ ಬ್ಯಾಲೆಗಳಲ್ಲಿ ಕಥೆ ಸ್ವಲ್ಪ ಹೊತ್ತು ನಿಂತು ಡ್ಯಾನ್ಸ್ ನಡೆಯತ್ತೆ, ಪ್ರತಿ ಐಟಂ ಮುಗಿದಾಗ ಡ್ಯಾನ್ಸರ್ ನಿಂತು ನಮಸ್ಕಾರ ಮಾಡ್ತಾರೆ, ಚಪ್ಪಾಳೆಗೆ ಅಂತಾನೇ ಜಾಗ ಬಿಟ್ಟು ಕಟ್ಟಿರೋದು. ನಮ್ಮ ಭರತನಾಟ್ಯದಲ್ಲಿ ಅಲರಿಪು ಆಯ್ತು ಜತಿಸ್ವರ ಆಯ್ತು ಅಂತ ಒಂದೊಂದಕ್ಕೂ ಚಪ್ಪಾಳೆ ಬೀಳತ್ತಲ್ಲ, ಹೆಚ್ಚುಕಮ್ಮಿ ಹಾಗೆ. ರೋಮಿಯೋ ಆಂಡ್ ಜೂಲಿಯೆಟ್, ಮನೋನ್, ಮೇಯರ್ಲಿಂಗ್ ಥರದ 20ನೇ ಶತಮಾನದ ಕಥಾ ಬ್ಯಾಲೆಗಳು ಹಾಗಲ್ಲ, ಅವು ನಾಟಕದ ಥರ ಹರ್ಕೊಂಡು ಹೋಗ್ತವೆ, ಮಧ್ಯದಲ್ಲಿ ಯಾರೂ ಪಾತ್ರ ಬಿಟ್ಟು ನಮಸ್ಕಾರ ಮಾಡಲ್ಲ. ಮೂರನೇದು ಕಥೆನೇ ಇಲ್ಲದ ಬ್ಯಾಲೆ, ಬಾಲಂಚೀನ್ ಅನ್ನೋ ನೃತ್ಯ ಸಂಯೋಜಕರು ಮಾಡಿರೋ ಸೆರೆನೇಡ್ ಥರದ್ದು, ಅದರಲ್ಲಿ ಸಂಗೀತ ಎಲ್ಲಿ ನಿಲ್ಲತ್ತೆ ಅನ್ನೋದೇ ದಾರಿ ತೋರಿಸೋದು.

ಕಥೆ ಓದ್ಕೊಂಡು ಹೋಗಿ. ಬ್ಯಾಲೇಲಿ ಮಾತಿಲ್ಲ, ಯಾರು ಯಾರಿಗೆ ಮೋಸ ಮಾಡ್ತಿದಾರೆ ಅಂತ ಗೊತ್ತಿಲ್ಲದೆ ಕೂತ್ರೆ ಸಾಯೋ ಸೀನಿಗೂ ಚಪ್ಪಾಳೆ ಹೊಡೆದುಬಿಡ್ತೀವಿ. ಆವತ್ತು ಯಾರು ಯಾವ ಪಾತ್ರ ಮಾಡ್ತಿದಾರೆ ಅನ್ನೋ ಲಿಸ್ಟೂ ಒಂದ್ಸಲ ನೋಡ್ಕೊಳ್ಳಿ, ಕೊನೇಲಿ ಜನ ಯಾರಿಗೆ ಅಷ್ಟು ಜೋರಾಗಿ ಕೂಗ್ತಿದಾರೆ ಅಂತ ಅರ್ಥ ಆಗತ್ತೆ.

ಫೋನ್ ಆಫ್, ಸ್ಮಾರ್ಟ್ ವಾಚಿದ್ರೆ ಅದರ ಬೆಳಕೂ ಆಫ್. ಇನ್ನೊಂದು, ಮೇಲಿನ ಬಾಲ್ಕನಿಲಿ ಸೀಟ್ ಇದ್ರೆ ಮುಂದಕ್ಕೆ ಬಾಗ್ಬೇಡಿ, ಬೆನ್ನು ಸೀಟಿಗೆ ಒರಗಿರ್ಲಿ. ಅಲ್ಲಿ ಸೀಟುಗಳು ತುಂಬಾ ಕಡಿದಾಗಿರತ್ತೆ, ಒಬ್ರು ಬಾಗಿದ್ರೆ ಹಿಂದಿನವರಿಗೆ ಅರ್ಧ ಸ್ಟೇಜ್ ಕಾಣಲ್ಲ, ಅವರೂ ಬಾಗ್ತಾರೆ, ಅವರ ಹಿಂದಿನವರೂ. ಲೇಟಾಗಿ ಹೋದ್ರೆ ಮಧ್ಯದಲ್ಲಿ ಬಿಡಲ್ಲ, ಇಂಟರ್ವಲ್ ತನಕ ಹೊರಗೇ ನಿಲ್ಲಬೇಕಾಗಬಹುದು, ನಮ್ಮೂರ ರಂಗಪ್ರವೇಶದ ಥರ ಮೊದಲನೇ ಐಟಂ ಹೊತ್ತಿಗೆ ಮೆಲ್ಲಗೆ ಒಳಗೆ ಸೇರ್ಕೊಳ್ಳೋಣ ಅಂದ್ರೆ ಆಗಲ್ಲ.

ದೀಪ ಆರಿದ ಮೇಲೆ ಮೊದಲನೇ ಚಪ್ಪಾಳೆ

ಸ್ಟೇಜ್ ಮುಂದೆ ತಗ್ಗಿನಲ್ಲಿ ಆರ್ಕೆಸ್ಟ್ರಾ ಕೂತಿರತ್ತೆ. ಒಬೋ ವಾದ್ಯದವರು ಒಂದೇ ಸ್ವರ ಹಿಡೀತಾರೆ, ಉಳಿದವರು ಅದಕ್ಕೆ ಶ್ರುತಿ ಸೇರಿಸ್ತಾರೆ, ದೀಪ ಆರತ್ತೆ, ಕಂಡಕ್ಟರ್ ಆ ತಗ್ಗಿನಲ್ಲೇ ನಡ್ಕೊಂಡು ಬಂದು ತಿರುಗಿ ನಮಸ್ಕಾರ ಮಾಡ್ತಾರೆ. ಇಲ್ಲಿ ಧೈರ್ಯವಾಗಿ ಹೊಡೀರಿ, ಎಲ್ಲರೂ ಹೊಡೀತಾರೆ. ಇಂಟರ್ವಲ್ ಆದ್ಮೇಲೆ ಪ್ರತಿ ಸಲ ಕಂಡಕ್ಟರ್ ಬಂದಾಗಲೂ ಇದೇ. ಅವರು ಸ್ಟೇಜ್ ಕಡೆ ತಿರುಗಿ ಕೈ ಎತ್ತಿದ್ರು ಅಂದ್ರೆ ನಿಲ್ಲಿಸಿ. ಇದೊಂದು ನೆನಪಿಟ್ಕೊಂಡ್ರೆ ಇಡೀ ಸಂಜೆ ಉಪಯೋಗಕ್ಕೆ ಬರತ್ತೆ: ಕಂಡಕ್ಟರ್ ಕೈ ಮೇಲಿದ್ರೆ ನಮ್ಮ ಕೈ ಕೆಳಗೆ.

ಆಮೇಲೆ ಪರದೆ ಏಳೋ ಮುಂಚೆ ಸ್ವಲ್ಪ ಹೊತ್ತು ಬರೀ ಸಂಗೀತ. ಸ್ಟೇಜ್ ಮೇಲೆ ಇನ್ನೂ ಏನಿಲ್ಲವಲ್ಲ ಅಂತ ಜನ ಪಕ್ಕದವರ ಹತ್ರ ಮಾತಾಡ್ತಾರೆ, ನಂಗೆ ಬಹಳ ಸಂಕಟ ಆಗೋ ಜಾಗ ಇದು. ಸ್ವಾನ್ ಲೇಕಲ್ಲಿ ಅದರ ಸಂಗೀತ ಬರೆದ ಚೈಕಾವ್‌ಸ್ಕಿ ಒಂಟಿ ಒಬೋದಿಂದ ಶುರು ಮಾಡ್ತಾರೆ, ಮುಂದೆ ಬರೋ ದುಃಖ ಎಲ್ಲಾ ಆ ಎಳೇಲೇ ಇದೆ, ಕಚೇರಿಲಿ ಆಲಾಪನೆ ಹೊತ್ತಿಗೆ ಹೇಗೆ ಕೂರ್ತೀವೋ ಹಾಗೆ ಕೂತು ಕೇಳಿ.

ಪರದೆ ಎದ್ದಾಗ ಸೆಟ್ ನೋಡಿ ಅಮೆರಿಕದಲ್ಲಿ ಬಹಳ ಸಲ ಚಪ್ಪಾಳೆ ಬೀಳತ್ತೆ, ಲಂಡನ್ನಲ್ಲಿ ಕಮ್ಮಿ. ಮುಖ್ಯ ಡ್ಯಾನ್ಸರ್ ಮೊದಲನೇ ಸಲ ಸ್ಟೇಜಿಗೆ ಕಾಲಿಟ್ಟಾಗಲೂ ಅಷ್ಟೇ, ನ್ಯೂಯಾರ್ಕಲ್ಲಿ ಅದು ವಾಡಿಕೆ, ಮಾಸ್ಕೋದಲ್ಲೂ ನಡೆಯತ್ತೆ, ಲಂಡನ್ನಿನವರು ಸಾಮಾನ್ಯವಾಗಿ ಕಾಯ್ತಾರೆ. ಅಣ್ಣಾವ್ರ ಎಂಟ್ರಿಗೆ ಚಪ್ಪಾಳೆ ಹೊಡೆದು ಬೆಳೆದವರು ನಾವು, ಆ ಖುಷಿ ಏನು ಅಂತ ನಂಗೆ ಗೊತ್ತು. ಆದ್ರೆ ಇಲ್ಲಿ ನಾನು ಕಾಯೋ ಪಕ್ಷ. ಸ್ವಾನ್ ಲೇಕಿನ ನಾಯಕಿ ಓಡೆಟ್, ಮಾಟಕ್ಕೆ ಸಿಕ್ಕಿ ಹಂಸವಾದವಳು, ಹೆದರಿದ ಹಕ್ಕಿ ಥರ ಒಳಗೆ ಬರ್ತಾಳೆ, ತನ್ನ ಹಿಂದೆ ಒಬ್ಬ ಬಿಲ್ಲು ಹಿಡ್ಕೊಂಡು ನಿಂತಿದಾನೆ ಅಂತ ಅವಳಿಗಿನ್ನೂ ಗೊತ್ತಿಲ್ಲ, ಆ ಹೊತ್ತಿಗೆ ಎರಡು ಸಾವಿರ ಜನ ಚಪ್ಪಾಳೆ ಹೊಡೆದ್ರೆ ಆ ಕಾಡು, ಆ ಸರೋವರ, ಆ ಭಯ ಎಲ್ಲಾ ಒಡೆದು ಹೋಗತ್ತೆ. ಅಕ್ಕಪಕ್ಕದವರು ಹೊಡೆದ್ರೆ ನೀವೂ ಹೊಡೀರಿ, ತಪ್ಪೇನಿಲ್ಲ, ನೀವಾಗಿ ಶುರು ಮಾಡ್ಬೇಡಿ ಅಷ್ಟೇ.

ಮುಗೀತು ಅಂತ ಗೊತ್ತಾಗೋದು ಹೇಗೆ

ಹೊಸಬರಿಗೆ ಇದೇ ದೊಡ್ಡ ಪ್ರಶ್ನೆ, ಆದ್ರೆ ನಮಗೆ ಇದು ಕಷ್ಟ ಆಗಬಾರದು. ಭರತನಾಟ್ಯದ ನೃತ್ತದಲ್ಲಿ ತೀರ್ಮಾನ, ಅಂದ್ರೆ ಮುಕ್ತಾಯದ ಜತಿ, ಬರೋದು ನಮ್ಮ ಕಿವಿಗೆ ಗೊತ್ತು, ತದ್ಧಿಂಗಿಣತೋಂ ಮೂರು ಸಲ ಬಂದು ಪಾದ ಕೂತ ತಕ್ಷಣ ಕೈ ತಾನಾಗೇ ಏಳತ್ತೆ, ಯಾರೂ ಹೇಳಿಕೊಡಬೇಕಿಲ್ಲ. ಚೈಕಾವ್‌ಸ್ಕಿ ಸಂಗೀತದಲ್ಲೂ ಅಂಥದ್ದೇ ಇದೆ, ಕೊನೇಲಿ ಇಡೀ ಆರ್ಕೆಸ್ಟ್ರಾ ಒಂದೇ ಘಾತವನ್ನ ಎರಡು ಮೂರು ಸಲ ಗಟ್ಟಿಯಾಗಿ ಹೊಡೆದು ನಿಲ್ಲಿಸತ್ತೆ, ಡ್ಯಾನ್ಸರ್ ಆ ಹೊಡೆತಕ್ಕೇ ಒಂದು ಭಂಗೀಲಿ ಬಂದು ಅಲುಗದೆ ನಿಲ್ತಾರೆ. ಅಲ್ಲಿಗೆ ಮುಗೀತು.

ಇನ್ನೂ ಅನುಮಾನ ಇದ್ರೆ ಡ್ಯಾನ್ಸರ್ ಮುಖ ನೋಡಿ. ಪಾತ್ರದಲ್ಲಿದ್ದಾಗ ಅವರ ಕಣ್ಣು ಸ್ಟೇಜ್ ಮೇಲೇ ಇರತ್ತೆ, ಮುಗಿದ ಮೇಲೆ ಕಣ್ಣೆತ್ತಿ ನಮ್ಮ ಕಡೆ ನೋಡ್ತಾರೆ, ಒಂದು ಕಾಲು ಹಿಂದಕ್ಕೆ ಹಾಕಿ ಬಾಗ್ತಾರೆ, ಇದಕ್ಕೆ ರೆವೆರೆನ್ಸ್ ಅಂತಾರೆ. ಅದು ಬರೀ ಥ್ಯಾಂಕ್ಸ್ ಅಲ್ಲ, ಈಗ ನಿಮ್ಮ ಸರದಿ ಅಂತ ನಮಗೆ ಹೇಳೋದೂ ಹೌದು. ಅವರು ಒಳಗೆ ಹೋಗಿಬಿಟ್ಟ ಮೇಲೂ ಚಪ್ಪಾಳೆ ಜೋರಾಗಿದ್ರೆ ಓಡಿ ಬಂದು ಇನ್ನೊಂದ್ಸಲ ಬಾಗ್ತಾರೆ. ಮುಂದಿನ ಡ್ಯಾನ್ಸರ್ ಶುರು ಮಾಡೋ ಜಾಗಕ್ಕೆ ಬಂದು ನಿಂತು ಕಂಡಕ್ಟರ್ ಕಡೆ ನೋಡಿದ್ರೆ ನಾವು ನಿಲ್ಲಿಸಬೇಕು, ಸಂಗೀತದ ಮೊದಲನೇ ಸ್ವರ ಅವರಿಗೆ ಕೇಳಬೇಕಲ್ಲ.

ಎರಡು ಕ್ಷಣ ತಡವಾದ್ರೆ ಯಾರಿಗೂ ನಷ್ಟ ಇಲ್ಲ. ಅನುಮಾನ ಬಂದಾಗೆಲ್ಲ ಒಂದು ಉಸಿರು ಒಳಗೆ ತಗೊಳ್ಳಿ, ಆಮೇಲೆ ಹೊಡೀರಿ.

ಪಾ ದ ದ: ಇಲ್ಲಿ ಜಿಪುಣತನ ಬೇಡ

ಪಾ ದ ದ ಅಂದ್ರೆ ಇಬ್ಬರ ಡ್ಯಾನ್ಸು. ಹಳೇ ಬ್ಯಾಲೆಗಳಲ್ಲಿ ಇದಕ್ಕೆ ಒಂದು ಖಾಯಂ ಕಟ್ಟು ಇದೆ. ಮೊದಲು ಇಬ್ಬರೂ ಸೇರಿ ನಿಧಾನದ ಅದಾಜ್ಯೋ, ಆಮೇಲೆ ಗಂಡಿನ ಸೋಲೋ, ಆಮೇಲೆ ಹೆಣ್ಣಿನ ಸೋಲೋ, ಕೊನೆಗೆ ಇಬ್ಬರೂ ಸೇರಿ ವೇಗದ ಕೋಡಾ. ನಾಲ್ಕಕ್ಕೂ ಬೇರೆ ಬೇರೆ ಚಪ್ಪಾಳೆ. ಯಾಕೆ ಅಂತ ಯೋಚನೆ ಮಾಡಿ. ಅದಾಜ್ಯೋದಲ್ಲಿ ಅವನು ಅವಳನ್ನ ಎಷ್ಟೋ ಸಲ ತಲೆ ಮೇಲಕ್ಕೆ ಎತ್ತಿ ಇಳಿಸಿರ್ತಾನೆ, ತೋಳು ಸೋತಿರತ್ತೆ, ಅದು ಮುಗಿದ ಕೂಡ್ಲೇ ಅವನೇ ಸೋಲೋ ಮಾಡಬೇಕು, ಗಾಳೀಲಿ ಎರಡೆರಡು ಸುತ್ತು ಸುತ್ತಿ ಇಳೀಬೇಕು. ನಾವು ಅದಾಜ್ಯೋಗೆ ಕೊಡೋ ಚಪ್ಪಾಳೇಲೇ ಅವನ ಎದೆಬಡಿತ ಸ್ವಲ್ಪ ಇಳಿಯೋದು. ಅವನ ಸೋಲೋಗೆ ಕೊಡೋ ಚಪ್ಪಾಳೇಲಿ ಅವಳು ಒಳಗೆ ಶೂ ರಿಬ್ಬನ್ ಸರಿ ಮಾಡ್ಕೊಂಡು ನೀರು ಕುಡೀತಾಳೆ. ಹಾಲ್ ತಣ್ಣಗಿದ್ರೆ ಕಂಡಕ್ಟರ್ ಎಷ್ಟು ಹೊತ್ತು ಅಂತ ಸುಮ್ನೆ ನಿಲ್ಲೋಕಾಗತ್ತೆ? ಇದು ಗೊತ್ತಾದ ಮೇಲೆ ನಾನು ಈ ನಾಲ್ಕು ಜಾಗದಲ್ಲಿ ಅಂಗೈ ಕೆಂಪಾಗೋ ತನಕ ಹೊಡೀತೀನಿ, ಪಕ್ಕದವರು ಹೊಡೀಲಿ ಬಿಡ್ಲಿ.

ಸ್ವಾನ್ ಲೇಕ್ ಮೂರನೇ ಅಂಕದ ಕಪ್ಪು ಹಂಸದ ಪಾ ದ ದ ಇದಕ್ಕೆ ಸರಿಯಾದ ಉದಾಹರಣೆ. ಅದರ ಕೋಡಾದಲ್ಲಿ ಒಡೀಲ್, ಓಡೆಟ್ ಥರಾನೇ ಕಾಣಿಸ್ಕೊಂಡು ರಾಜಕುಮಾರನಿಗೆ ಮೋಸ ಮಾಡೋಳು, ಒಂದೇ ಕಾಲಿನ ತುದಿ ಮೇಲೆ 32 ಫುವೆತ್ತೆ ಸುತ್ತಬೇಕು, ಇನ್ನೊಂದು ಕಾಲು ಚಾವಟಿ ಥರ ಬೀಸ್ತಾ ಇರತ್ತೆ. 1895ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಮರೀನ್‌ಸ್ಕಿ ಥಿಯೇಟರಲ್ಲಿ ಸ್ವಾನ್ ಲೇಕನ್ನ ಹೊಸದಾಗಿ ಕಟ್ಟಿದಾಗ ಪಿಯೆರೀನಾ ಲೆನ್ಯಾನಿ ಅನ್ನೋ ಇಟಾಲಿಯನ್ ಬ್ಯಾಲೆರೀನಾ ಇದನ್ನ ಮಾಡಿದ್ರು, ಅಲ್ಲಿಂದ ಇವತ್ತಿನವರೆಗೂ ಜನ ಎಣಿಸ್ತಾ ಕೂರ್ತಾರೆ. ಅರ್ಧಕ್ಕೆ ಬರೋಷ್ಟರಲ್ಲೇ ಚಪ್ಪಾಳೆ ಶುರುವಾಗತ್ತೆ, ಅದು ಎಲ್ಲ ದೇಶದಲ್ಲೂ ಆಗೋದೇ, ತಡೆಯೋಕೆ ಆಗಲ್ಲ, ಆ ಕ್ಷಣದ ರೋಮಾಂಚನ ಹಾಗಿದೆ. ಹೊಡೀರಿ. ಆದ್ರೆ ದಯವಿಟ್ಟು ತಾಳಕ್ಕೆ ಹೊಡೀಬೇಡಿ. ಇದು ನಮ್ಮೋರಿಗೆ ಒತ್ತಿ ಹೇಳಬೇಕಾದ ಮಾತು, ಯಾಕಂದ್ರೆ ಕಚೇರಿಲಿ ತೊಡೆ ಮೇಲೆ ತಾಳ ಹಾಕಿ ಅಭ್ಯಾಸ ನಮಗೆ, ಹಾಡಿನ ಜೊತೆ ಚಪ್ಪಾಳೆ ಹಾಕೋದು ಸಹಜ ಅನ್ಸತ್ತೆ. ಎರಡು ಸಾವಿರ ಜನ ಒಟ್ಟಿಗೆ ತಾಳ ಹಾಕಿದ್ರೆ ಅದು ಮೆಲ್ಲಗೆ ಆರ್ಕೆಸ್ಟ್ರಾದಿಂದ ಜಾರತ್ತೆ, ಒಂದೋ ಮುಂದೆ ಓಡತ್ತೆ ಇಲ್ಲಾ ಹಿಂದೆ ಬೀಳತ್ತೆ, ಸುತ್ತುತ್ತಿರೋ ಹುಡುಗಿಗೆ ಕೇಳೋದು ನಮ್ಮ ಸದ್ದೇ ಹೊರತು ಕೆಳಗಿನ ಸಂಗೀತ ಅಲ್ಲ, ಪ್ರತಿ ಸುತ್ತಿನಲ್ಲೂ ಪಾದ ಯಾವ ಹೊಡೆತಕ್ಕೆ ಇಡಬೇಕು ಅಂತ ಅವಳಿಗೆ ಗೊಂದಲ ಆಗತ್ತೆ. ಬಿಡಿಬಿಡಿಯಾಗಿ ಜೋರಾಗಿ ಹೊಡೀರಿ, ಮಳೆ ಸದ್ದಿನ ಥರ ಇರ್ಲಿ.

ಸ್ಲೀಪಿಂಗ್ ಬ್ಯೂಟಿಯ ರೋಸ್ ಅದಾಜ್ಯೋ ಇನ್ನೊಂದು ಥರ. ಅದರ ನಾಯಕಿ ಅರೋರಾ ಒಂದೇ ಕಾಲ ತುದಿ ಮೇಲೆ ನಿಂತಿರ್ತಾಳೆ, ನಾಲ್ಕು ಜನ ರಾಜಕುಮಾರರು ಒಬ್ಬೊಬ್ಬರಾಗಿ ಬಂದು ಕೈ ಹಿಡಿದು ಬಿಡ್ತಾರೆ, ಒಬ್ಬನ ಕೈ ಬಿಟ್ಟು ಇನ್ನೊಬ್ಬನ ಕೈ ಹಿಡಿಯೋ ಮಧ್ಯೆ ಅವಳು ಯಾವ ಆಸರೆನೂ ಇಲ್ಲದೆ ನಿಲ್ಲಬೇಕು. ಅಲ್ಲಿ ಇಡೀ ಹಾಲ್ ಉಸಿರು ಹಿಡ್ಕೊಂಡಿರತ್ತೆ. ಮೊದಲನೇ ರಾಜಕುಮಾರನಿಗೇ ಕೂಗಿಬಿಟ್ರೆ ಅವಳ ಏಕಾಗ್ರತೆಗೆ ಕಷ್ಟ, ಕೊನೇ ಬ್ಯಾಲೆನ್ಸ್ ಮುಗಿದು ಅವಳು ಭಂಗಿಗೆ ಬರೋ ತನಕ ತಡ್ಕೊಳ್ಳಿ, ಆಮೇಲೆ ಎಷ್ಟು ಜೋರು ಬೇಕಾದ್ರೂ.

ಸುಮ್ನಿರಬೇಕಾದ ಜಾಗಗಳು

ನಂಗೆ ಚಪ್ಪಾಳೆಗಿಂತ ಇವು ಹೆಚ್ಚು ಇಷ್ಟ.

ಸ್ವಾನ್ ಲೇಕ್ ಎರಡನೇ ಅಂಕದಲ್ಲಿ ಓಡೆಟ್ ಮತ್ತು ರಾಜಕುಮಾರನ ಅದಾಜ್ಯೋ ಇದೆ. ಒಂದು ಪಿಟೀಲು ಹಾಡ್ತಿರತ್ತೆ, ಸ್ವಲ್ಪ ಹೊತ್ತಾದ್ಮೇಲೆ ಒಂದು ಚೆಲ್ಲೋ ಜೊತೆ ಸೇರತ್ತೆ, ಎರಡೂ ಮಾತಾಡಿಕೊಂಡಂಗೆ. ಮಧ್ಯದಲ್ಲಿ ಅವನು ಅವಳನ್ನ ಮೇಲೆತ್ತಿದಾಗ ಒಂದಿಬ್ಬರು ಚಪ್ಪಾಳೆ ಹೊಡೀತಾರೆ. ಬೇಡ. ಅಲ್ಲಿ ಕಸರತ್ತು ತೋರಿಸ್ತಿಲ್ಲ, ಹೆದರಿದ್ದ ಹುಡುಗಿಯೊಬ್ಬಳು ನಿಧಾನಕ್ಕೆ ನಂಬೋಕೆ ಶುರು ಮಾಡ್ತಿದಾಳೆ. ಪೂರ್ತಿ ಮುಗಿದ ಮೇಲೆ ಹೊಡೀರಿ. ಅದರ ನಂತರ ಬರೋ ನಾಲ್ಕು ಪುಟ್ಟ ಹಂಸಗಳ ಡ್ಯಾನ್ಸಿಗೆ, ಒಬ್ಬರ ಕೈ ಒಬ್ಬರು ಅಡ್ಡ ಹಿಡ್ಕೊಂಡು ಒಂದೇ ದೇಹದ ಥರ ಕುಣೀತಾರಲ್ಲ, ಅದಕ್ಕೆ ಮುಗಿದ ತಕ್ಷಣ ಚೆನ್ನಾಗಿ ಹೊಡೀರಿ, ಒಂದೂವರೆ ನಿಮಿಷದ ಕೆಲಸಕ್ಕೆ ಅವರು ಪಡೋ ಕಷ್ಟ ಬಹಳ.

ಲಾ ಬಯಾದೇರ್ ನಮ್ಮ ದೇಶದ ದೇವದಾಸಿಯ ಕಥೆ ಅಂತ ಫ್ರಾನ್ಸು ರಷ್ಯಾದವರು ಕಲ್ಪಿಸಿಕೊಂಡು 1877ರಲ್ಲಿ ಕಟ್ಟಿದ್ದು. ಅದರ ನೆರಳುಗಳ ಸೀನು ನಾಯಕ ಅಫೀಮು ಸೇದಿ ಕಾಣೋ ಕನಸು, ಅಲ್ಲಿ ಬಿಳಿ ಬಟ್ಟೆ ಹಾಕಿದ ಹೆಣ್ಮಕ್ಕಳು ಒಂದು ಇಳಿಜಾರಿನಲ್ಲಿ ಒಬ್ಬೊಬ್ಬರಾಗಿ ಬರ್ತಾರೆ, ಒಂದು ಕಾಲು ಹಿಂದಕ್ಕೆ ಎತ್ತಿ ಬಾಗೋದು, ಎರಡು ಹೆಜ್ಜೆ ಇಡೋದು, ಮತ್ತೆ ಅದೇ, ಕೆಲವು ಕಡೆ 24 ಜನ, ಕೆಲವು ಕಡೆ 32. ಮೊದಲು ಬಂದವಳು ಅದನ್ನ ಎಷ್ಟು ಸಲ ಮಾಡಬೇಕು ನೋಡಿ. ಸ್ಟೇಜ್ ಅರ್ಧ ತುಂಬಿದಾಗ ಯಾರೋ ಚಪ್ಪಾಳೆ ಶುರು ಮಾಡ್ತಾರೆ, ಹಾಲಲ್ಲಿ ಎಲ್ಲರೂ ಶುರು ಮಾಡ್ತಾರೆ, ಅಫೀಮಿನ ಕನಸು ಅಲ್ಲಿಗೆ ಕದಡಿತು. ಕೊನೆಯವಳು ಇಳಿದು, ಸಾಲು ಕಟ್ಟಿ, ಎಲ್ಲರೂ ಒಟ್ಟಿಗೆ ಕಾಲೆತ್ತಿ ನಿಂತು ಇಳಿಸೋ ತನಕ ಕಾಯ್ರಿ. ಅಷ್ಟು ಹೊತ್ತು ತಡ್ಕೊಂಡ ಹಾಲಿನ ಚಪ್ಪಾಳೆ ಆಮೇಲೆ ಬಿದ್ದಾಗ ಅದರ ಸದ್ದೇ ಬೇರೆ.

ಜಿಸೆಲ್ ಅನ್ನೋ ಬ್ಯಾಲೆಯ ಮೊದಲನೇ ಅಂಕದ ಕೊನೆಗೆ ಅದೇ ಹೆಸರಿನ ನಾಯಕಿಗೆ ಹುಚ್ಚು ಹಿಡಿಯೋ ಸೀನು. ಪ್ರೇಮಿಯ ಮೋಸ ಗೊತ್ತಾದ ಮೇಲೆ ಕೂದಲು ಕೆದರ್ಕೊಂಡು, ಮೊದಲು ಅವನ ಜೊತೆ ಹೂವಿನ ಎಸಳು ಕಿತ್ತು ಆಡಿದ ಆಟವನ್ನ ಬರೀ ಗಾಳೀಲಿ ಮತ್ತೆ ಆಡ್ತಾಳೆ. ಇಲ್ಲಿ ಕೆಮ್ಮು ಬಂದ್ರೂ ತಡ್ಕೋಬೇಕು ಅನ್ಸತ್ತೆ. ಅವಳು ಸತ್ತು, ಪರದೆ ಬಿದ್ದ ಮೇಲೇ ಚಪ್ಪಾಳೆ. ಎರಡನೇ ಅಂಕದಲ್ಲಿ ವಿಲಿಗಳು, ಅಂದ್ರೆ ಮದುವೆಗೆ ಮುಂಚೆ ಸತ್ತ ಹುಡುಗಿಯರ ಆತ್ಮಗಳು, ಒಂದು ಕಾಲಲ್ಲಿ ಜಾರ್ಕೊಂಡು ಎದುರುಬದುರು ಸಾಲಾಗಿ ದಾಟಿ ಹೋಗ್ತಾರೆ, ಅಲ್ಲಿ ಬಹಳ ಕಡೆ ಚಪ್ಪಾಳೆ ಬೀಳತ್ತೆ, ಅದಕ್ಕೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ.

ನೃತ್ಯ ಸಂಯೋಜಕ ಕೆನೆತ್ ಮ್ಯಾಕ್‌ಮಿಲನ್ ಅವರ ರೋಮಿಯೋ ಆಂಡ್ ಜೂಲಿಯೆಟಲ್ಲಿ ಬಾಲ್ಕನಿ ಸೀನ್ ಮುಗಿದಾಗ ಅವಳು ಮೇಲಿಂದ ಕೈ ಚಾಚಿರ್ತಾಳೆ, ಅವನು ಕೆಳಗಿಂದ, ಪರದೆ ನಿಧಾನಕ್ಕೆ ಇಳಿಯತ್ತೆ, ಆಮೇಲೆ ಹೊಡೀರಿ. ಕೊನೇ ಅಂಕ ಸಮಾಧೀಲಿ ಮುಗಿಯತ್ತೆ, ಅಲ್ಲಿ ಪರದೆ ಬಿದ್ದ ಮೇಲೂ ಎರಡು ಮೂರು ಕ್ಷಣ ಯಾರೂ ಅಲುಗಲ್ಲ. ಆ ಮೌನವನ್ನ ಮುರಿಯೋ ಮೊದಲನೇ ಕೈ ನಿಮ್ಮದಾಗಬಾರದು. 1965ರಲ್ಲಿ ಇದರ ಮೊದಲನೇ ಪ್ರದರ್ಶನಕ್ಕೆ ಮಾರ್ಗೋ ಫಾಂಟೇನ್ ಮತ್ತು ರುಡಾಲ್ಫ್ ನುರೆಯೆವ್ ಕುಣಿದಾಗ 43 ಸಲ ಪರದೆ ಮುಂದಕ್ಕೆ ಕರೆಸಿದ್ರಂತೆ, ಸುಮಾರು 40 ನಿಮಿಷ ಬರೀ ಚಪ್ಪಾಳೆ. ಮೌನಕ್ಕೂ ಇದಕ್ಕೂ ಸಂಬಂಧ ಇದೆ ಅಂತ ನನ್ನ ನಂಬಿಕೆ.

ಕಥೆ ಇಲ್ಲದ ಬ್ಯಾಲೆಗಳಲ್ಲಿ ಒಂದು ವಿಚಿತ್ರ ಇದೆ. ಫ್ರೆಂಚ್ ಸಂಗೀತಗಾರ ಬೀಜೆಯ ಸಿಂಫನಿಯನ್ನ ಬರೀ ಕಚೇರಿಲಿ ನುಡಿಸಿದ್ರೆ ಭಾಗಗಳ ಮಧ್ಯೆ ಚಪ್ಪಾಳೆ ಹೊಡೆಯೋ ಹಾಗಿಲ್ಲ, ಅದೇ ಸಂಗೀತಕ್ಕೆ ಬಾಲಂಚೀನ್ ಕಟ್ಟಿದ ಸಿಂಫನಿ ಇನ್ ಸಿ ಬ್ಯಾಲೆ ಆದ್ರೆ ಪ್ರತಿ ಭಾಗ ಮುಗಿದಾಗಲೂ ಜನ ಹೊಡೀತಾರೆ. ನನ್ನ ಹಳೇ ಭಯ ಪೂರ್ತಿ ಹೋಗಿದ್ದು ಅದನ್ನ ನೋಡಿದ ದಿನವೇ. ರೆಕಾರ್ಡ್ ಮಾಡಿದ ಸಂಗೀತಕ್ಕೆ ಕುಣಿಯೋ ಹೊಸ ಬ್ಯಾಲೆಗಳಲ್ಲಿ ಕಂಡಕ್ಟರ್ ಇರಲ್ಲ, ಅಲ್ಲಿ ದೀಪ ಪೂರ್ತಿ ಆರೋ ತನಕ ಕಾಯೋದು ಒಳ್ಳೇದು.

ಮಕ್ಕಳ ಜೊತೆ ನಟ್‌ಕ್ರ್ಯಾಕರ್

ಮಧ್ಯಾಹ್ನದ ಶೋ ತಗೊಳ್ಳಿ, ಹಾಲ್ ತುಂಬ ಮಕ್ಕಳೇ ಇರ್ತಾರೆ, ಸ್ವಲ್ಪ ಸದ್ದಿಗೆ ಯಾರೂ ಮುಖ ಗಂಟು ಹಾಕ್ಕೊಳ್ಳಲ್ಲ. ಮನೇಲೇ ಹೇಳಿಟ್ಟಿರಿ: ಅವರು ನಮ್ಮ ಕಡೆ ನೋಡಿ ಬಾಗಿದಾಗ ಚಪ್ಪಾಳೆ, ಕುಣೀತಿರುವಾಗ ಕಣ್ಣು. ನನ್ನ ಮಗಳಿಗೆ ಐದು ವರ್ಷಕ್ಕೇ ಇದು ಅರ್ಥ ಆಗಿತ್ತು.

ಕ್ರಿಸ್ಮಸ್ ಮರ ಬೆಳೆಯೋ ಸೀನಿಗೆ, ನ್ಯೂಯಾರ್ಕ್ ಸಿಟಿ ಬ್ಯಾಲೇಲಿ ಅದು 12 ಅಡಿಯಿಂದ 41 ಅಡಿ ತನಕ ಏಳತ್ತೆ, ಮಕ್ಕಳು ಕೂಗ್ತಾರೆ, ಕೂಗ್ಲಿ, ಅಲ್ಲಿ ಸಂಗೀತವೂ ಅಷ್ಟೇ ಜೋರಾಗಿರತ್ತೆ. ಹಿಮದ ಹೂಗಳ ವಾಲ್ಟ್ಸ್ ಬಂದಾಗ ಮಾತ್ರ ಸ್ವಲ್ಪ ತಡೀರಿ, ಮೇಲಿಂದ ಹಿಮ ಬೀಳೋದು ನೋಡಿ ದೊಡ್ಡವರೇ ಚಪ್ಪಾಳೆ ಹೊಡೀತಾರೆ, ಆ ಸದ್ದಲ್ಲಿ ಮಾತಿಲ್ಲದೆ ಬರೀ ಸ್ವರದಲ್ಲಿ ಹಾಡೋ ಮಕ್ಕಳ ಕೋರಸ್ ಮುಳುಗಿ ಹೋಗತ್ತೆ. ಎರಡನೇ ಅಂಕದಲ್ಲಿ ಸ್ಪ್ಯಾನಿಶ್, ಅರೇಬಿಯನ್, ಚೈನೀಸ್, ರಷ್ಯನ್ ಅಂತ ಪುಟ್ಟ ಪುಟ್ಟ ಡ್ಯಾನ್ಸು ಸಾಲಾಗಿ ಬರ್ತವೆ, ರಷ್ಯನ್ ಡ್ಯಾನ್ಸ್ ಒಂದು ನಿಮಿಷಕ್ಕೆಲ್ಲ ಮುಗಿಯತ್ತೆ, ಪ್ರತಿಯೊಂದಕ್ಕೂ ಮಕ್ಕಳು ಮನಸಾರೆ ಹೊಡೀಬಹುದು. ಶುಗರ್ ಪ್ಲಮ್ ಫೇರಿಯ ಸೋಲೋ ಬರೋ ಮುಂಚೆ ಮಗೂಗೆ ಮೆಲ್ಲಗೆ ಮೊಣಕೈ ತಾಗಿಸಿ ಕಿವಿಗೊಡೋಕೆ ಹೇಳಿ. ಅಲ್ಲಿ ಕೇಳೋ ಗಾಜಿನ ಗೆಜ್ಜೆ ಥರದ ದನಿ ಚೆಲೆಸ್ತಾ ಅನ್ನೋ ವಾದ್ಯದ್ದು. 1891ರಲ್ಲಿ ಪ್ಯಾರಿಸ್ಸಿನಲ್ಲಿ ಅದನ್ನ ಕೇಳಿದ ಚೈಕಾವ್‌ಸ್ಕಿ ಬೇರೆ ರಷ್ಯನ್ ಸಂಗೀತಗಾರರಿಗೆ ಗೊತ್ತಾಗಬಾರದು ಅಂತ ಗುಟ್ಟಾಗಿ ತರಿಸ್ಕೊಂಡ್ರು. ಅಷ್ಟು ಆಸೆಪಟ್ಟು ತರಿಸಿದ ದನಿ ಬಹಳ ಮೆತ್ತಗಿದೆ, ಒಂದು ಚಪ್ಪಾಳೆಗೂ ಅದು ಕೇಳಿಸಲ್ಲ.

ಬ್ರಾವೋ, ಶಿಳ್ಳೆ, ಮತ್ತೆ ಯಾರಾದ್ರೂ ಬಿದ್ರೆ

ಗಂಡಿಗೆ ಬ್ರಾವೋ, ಹೆಣ್ಣಿಗೆ ಬ್ರಾವಾ, ಎಲ್ಲರಿಗೂ ಸೇರಿಸಿ ಬ್ರಾವಿ. ಇಟಾಲಿಯನ್ ವ್ಯಾಕರಣ ಇದು. ಎಲ್ಲರಿಗೂ ಬ್ರಾವೋ ಅಂದ್ರೂ ಲಂಡನ್ನು ನ್ಯೂಯಾರ್ಕಲ್ಲಿ ನಡೆಯತ್ತೆ. ಕೂಗೋದಾದ್ರೆ ಡ್ಯಾನ್ಸ್ ಮುಗಿದು ಅವರು ಬಾಗಿದಾಗ ಕೂಗಿ.

ಶಿಳ್ಳೆ ಬಗ್ಗೆ ಹುಷಾರು. ಗಾಂಧಿನಗರದ ಥಿಯೇಟರಲ್ಲಿ ಶಿಳ್ಳೆ ಅಂದ್ರೆ ಅಭಿಮಾನ, ಅಮೆರಿಕದಲ್ಲೂ ಜನ ಖುಷಿಗೆ ಶಿಳ್ಳೆ ಹೊಡೀತಾರೆ, ಆದ್ರೆ ರಷ್ಯಾದಲ್ಲಿ, ಯುರೋಪಿನ ಎಷ್ಟೋ ಕಡೆ ಶಿಳ್ಳೆ ಅಂದ್ರೆ ಚೆನ್ನಾಗಿಲ್ಲ ಇಳಿ ಅಂತ ಅರ್ಥ. ನೀವು ಮೆಚ್ಚಿ ಹೊಡೆದಿದ್ದು ಆ ಹುಡುಗಿಗೆ ಬೈಗುಳದ ಥರ ಕೇಳಬಹುದು.

ಯಾರಾದ್ರೂ ಜಾರಿ ಬಿದ್ರೆ? ಬೀಳ್ತಾರೆ, ದೊಡ್ಡ ದೊಡ್ಡ ಡ್ಯಾನ್ಸರೂ ಬೀಳ್ತಾರೆ, ಒಂದು ಕ್ಷಣದಲ್ಲಿ ಎದ್ದು ಸಂಗೀತದ ಜೊತೆ ಸೇರ್ಕೊಳ್ತಾರೆ. ಆಗಲೇ ಸಮಾಧಾನದ ಚಪ್ಪಾಳೆ ಬೇಡ, ಅವರು ಅದನ್ನ ಮರೆತು ಮುಂದಿನ ಹೆಜ್ಜೆ ಯೋಚಿಸ್ತಿರ್ತಾರೆ, ನಾವು ನೆನಪಿಸೋದ್ಯಾಕೆ. ಆ ಐಟಂ ಮುಗಿದಾಗ ಎಂದಿನಕ್ಕಿಂತ ಜೋರಾಗಿ ಹೊಡೀರಿ, ಅವರಿಗೆ ಅರ್ಥ ಆಗತ್ತೆ.

ಒಂದು ಕಾಲದಲ್ಲಿ ಪ್ಯಾರಿಸ್ ಆಪೆರಾದಲ್ಲಿ ಚಪ್ಪಾಳೆಗೆ ಅಂತಾನೇ ಕೂಲಿ ಜನ ಇದ್ರು, ಅವರಿಗೆ ಕ್ಲಾಕ್ ಅಂತ ಹೆಸರು. 1830ರ ದಶಕದಲ್ಲಿ ಓಗ್ಯುಸ್ತ್ ಅನ್ನೋ ಮುಖ್ಯಸ್ಥ ಎಲ್ಲಿ ಎಷ್ಟು ಜೋರಾಗಿ ಹೊಡೀಬೇಕು ಅಂತ ಮೊದಲೇ ಪ್ಲಾನ್ ಮಾಡ್ತಿದ್ದ, ಮಾಸ್ಕೋದ ಬೊಲ್ಶೋಯಿ ಸುತ್ತ ಈ ಅಭ್ಯಾಸ ನಮ್ಮ ಕಾಲದವರೆಗೂ ಇತ್ತು. ಇದನ್ನ ಓದಿದ ಮೇಲೆ ನನ್ನ ಎರಡು ಕೈಯ ಪ್ರಾಮಾಣಿಕ ಚಪ್ಪಾಳೆ ಮೇಲೆ ನಂಗೆ ಗೌರವ ಜಾಸ್ತಿ ಆಯ್ತು.

ಗೊತ್ತಿಲ್ಲದ ಕಲೆ ಮುಂದೆ ಕೂತು ಎಲ್ಲಿ ಹೊಡೀಲಿ ಅಂತ ತಡವರಿಸೋದು ನಮಗೊಬ್ಬರಿಗೇ ಅಲ್ಲ. ಬೆಂಗಳೂರಲ್ಲಿ ಹುಟ್ಟಿದ ರಾಮ್ ಗೋಪಾಲ್ 1939ರಲ್ಲಿ ಲಂಡನ್ನಿನ ಆಲ್ಡ್‌ವಿಚ್ ಥಿಯೇಟರಲ್ಲಿ ಕುಣಿದಾಗ ಎದುರಿಗೆ ಕೂತಿದ್ದ ಬ್ಯಾಲೆ ಪ್ರಿಯರಲ್ಲಿ ತೀರ್ಮಾನ ಅಂದ್ರೇನು ಅಂತ ಎಷ್ಟು ಜನಕ್ಕೆ ಗೊತ್ತಿದ್ದೀತು? ಆದ್ರೂ ಆ ನೃತ್ಯವನ್ನ ಅವರು ಮನಸಾರೆ ಮೆಚ್ಚಿದ್ರು.

ಕೊನೇ ಪರದೆ

ಶೋ ಮುಗಿದ ಮೇಲೆ ಹಾರ ಶಾಲು ಭಾಷಣ ಏನೂ ಇರಲ್ಲ, ಆದ್ರೆ ನಮಸ್ಕಾರಕ್ಕೆ ಅದರದ್ದೇ ಕ್ರಮ ಇದೆ. ಮೊದಲು ಗುಂಪಿನ ಡ್ಯಾನ್ಸರುಗಳು, ಆಮೇಲೆ ಸೋಲೋ ಮಾಡಿದವರು, ಕೊನೆಗೆ ಮುಖ್ಯ ಜೋಡಿ. ಜನ ಮುಖ್ಯ ಜೋಡಿಗೆ ಅಂತ ಶಕ್ತಿ ಉಳಿಸಿಟ್ಕೋತಾರೆ, ನೀವು ಗುಂಪಿನವರಿಗೂ ಜೋರಾಗೇ ಹೊಡೀರಿ, ಹಂಸಗಳಾಗಿ ನಿಮಿಷಗಟ್ಟಲೆ ಒಂದೇ ಭಂಗೀಲಿ ನಿಂತು ಕಾಲು ಮರಗಟ್ಟಿರೋದು ಅವರಿಗೇ. ಆಮೇಲೆ ಬ್ಯಾಲೆರೀನಾ ಪಕ್ಕಕ್ಕೆ ಹೋಗಿ ಕಂಡಕ್ಟರ್ ಕೈ ಹಿಡಿದು ಸ್ಟೇಜಿಗೆ ಕರ್ಕೊಂಬರ್ತಾರೆ, ಕಂಡಕ್ಟರ್ ಕೆಳಗಿನ ಆರ್ಕೆಸ್ಟ್ರಾ ಕಡೆ ಕೈ ತೋರಿಸ್ತಾರೆ, ಅದು ವಾದ್ಯದವರ ಸರದಿ. ಬೊಕೆ ಬಂದ್ರೆ ಬ್ಯಾಲೆರೀನಾ ಅದರಿಂದ ಒಂದು ಹೂವು ಕಿತ್ತು ಜೊತೆಗಾರನಿಗೆ ಕೊಡೋ ಸಂಪ್ರದಾಯ ಇದೆ, ನಮ್ಮಮ್ಮ ಮೈಸೂರಿಂದ ಬಂದಿದ್ದಾಗ ಇಡೀ ಬ್ಯಾಲೇಲಿ ಅವರ ಕಣ್ಣು ತುಂಬಿದ್ದು ಇದೊಂದಕ್ಕೆ.

ನೀವೂ ಹೂವು ಕೊಡಬೇಕಂದ್ರೆ ಶೋ ಮುಂಚೆಯೇ ಥಿಯೇಟರ್ ಸಿಬ್ಬಂದಿ ಹತ್ರ ಡ್ಯಾನ್ಸರ್ ಹೆಸರು ಬರೆದು ಕೊಡೋಕಾಗತ್ತಾ ಅಂತ ಕೇಳಿ. ಸೀಟಿಂದ ಎಸೀಬೇಡಿ, ಬಿದ್ದ ಎಸಳಿನ ಮೇಲೆ ಕಾಲಿಟ್ರೆ ಜಾರತ್ತೆ.

ಮಾಸ್ಕೋ, ಪ್ಯಾರಿಸ್ಸಲ್ಲಿ ಕೊನೇ ಚಪ್ಪಾಳೆ ತಾನಾಗೇ ಒಂದೇ ತಾಳಕ್ಕೆ ಸೇರತ್ತೆ, ಅಲ್ಲಿ ಸೇರ್ಕೊಳ್ಳಿ, ಆಗ ಯಾರೂ ಕುಣೀತಿಲ್ಲವಲ್ಲ. ಎದ್ದು ನಿಲ್ಲೋದು ನ್ಯೂಯಾರ್ಕಲ್ಲಿ ಹೆಚ್ಚುಕಮ್ಮಿ ಪ್ರತಿ ಶೋಗೂ ಆಗತ್ತೆ, ಲಂಡನ್ನಲ್ಲಿ ಅಷ್ಟಿಲ್ಲ, ನಿಮಗೆ ಅನ್ನಿಸಿದ್ರೆ ನಿಲ್ಲಿ, ಹಿಂದೆ ವಯಸ್ಸಾದವರಿದ್ರೆ ಒಂದ್ಸಲ ತಿರುಗಿ ನೋಡಿ. ಫೋಟೋ ಎಷ್ಟೋ ಥಿಯೇಟರಲ್ಲಿ ಈ ಹೊತ್ತಿಗೆ ಮಾತ್ರ ಬಿಡ್ತಾರೆ, ಫ್ಲಾಶ್ ಇಲ್ಲದೆ, ಬೋರ್ಡ್ ನೋಡ್ಕೊಳ್ಳಿ, ಒಂದೆರಡು ತೆಗೆದು ಫೋನ್ ಒಳಗಿಡಿ, ಫೋನ್ ಹಿಡಿದ ಕೈಲಿ ಚಪ್ಪಾಳೆ ಹೊಡೆಯೋಕಾಗಲ್ಲ.

ಟ್ರೇನ್ ಸಿಗಲ್ಲ ಅಂತ ಡ್ಯಾನ್ಸರ್ ಬಾಗ್ತಿರುವಾಗಲೇ ಸಾಲು ದಾಟಿ ಓಡೋರನ್ನ ನೋಡಿದ್ರೆ ನಂಗೆ ಬೇಜಾರಾಗತ್ತೆ. ಅಂಥ ಅನಿವಾರ್ಯ ಇದ್ರೆ ಬುಕ್ ಮಾಡುವಾಗಲೇ ದಾರಿ ಪಕ್ಕದ ಸೀಟ್ ತಗೊಂಡು, ಮೊದಲನೇ ಸಲ ಪರದೆ ಮುಚ್ಚೋ ತನಕ ಇದ್ದು ಎದ್ದೇಳಿ. ಪ್ಯಾರಿಸ್ ಆಪೆರಾದಲ್ಲಂತೂ ಬೇಗ ಹೊರಡ್ಲೇಬೇಡಿ, ಅಲ್ಲಿ ಯಾರನ್ನಾದ್ರೂ ಎತ್ವಾಲ್ ಅನ್ನೋ ಅತಿ ದೊಡ್ಡ ಸ್ಥಾನಕ್ಕೆ ಏರಿಸೋದಿದ್ರೆ ಶೋ ಮುಗಿದ ಮೇಲೆ ನಿರ್ದೇಶಕರು ಸ್ಟೇಜಿಗೆ ಬಂದು ಎಲ್ಲರೆದುರು ಹೇಳ್ತಾರೆ. ಆ ಡ್ಯಾನ್ಸರ್ ಅಳ್ತಾ ನಿಂತಿರುವಾಗ ಬೀಳೋ ಚಪ್ಪಾಳೇಲಿ ನೀವೂ ಇರಬಹುದು.

ಇಷ್ಟೆಲ್ಲಾ ಆದ್ಮೇಲೂ ಮನಸ್ಸು ತುಂಬಿಲ್ಲ ಅಂದ್ರೆ ಸ್ಟೇಜ್ ಡೋರ್ ಹತ್ರ ಹೋಗಿ, ರಾಯಲ್ ಆಪೆರಾ ಹೌಸಿಂದು ಫ್ಲೋರಲ್ ಸ್ಟ್ರೀಟಲ್ಲಿದೆ. ಅರ್ಧ ಗಂಟೆ ಮೇಲೇ ಆಗತ್ತೆ, ಮೇಕಪ್ ತೆಗೆದು, ಭುಜದ ಮೇಲೆ ದೊಡ್ಡ ಬ್ಯಾಗ್ ಹಾಕ್ಕೊಂಡು ಬರ್ತಾರೆ, ಸುಸ್ತಾಗಿರ್ತಾರೆ. ಒಂದು ಪೆನ್ನು ಇಟ್ಕೊಂಡಿರಿ, ತುಂಬಾ ಚೆನ್ನಾಗಿತ್ತು ಅನ್ನೋದ್ರ ಬದಲು ಯಾವ ಜಾಗ ಇಷ್ಟ ಆಯ್ತು ಅಂತ ಒಂದೇ ವಾಕ್ಯ ಹೇಳಿ, ಆಮೇಲೆ ದಾರಿ ಬಿಡಿ.